ಸಂತೆಯ ಬದಿಯ ಸಭೆ

ಬೆಳೆಹಬ್ಬದ ಭಾನುವಾರ ನಮ್ಮೂರ ದೇವಾಲಯದಲ್ಲಿ ಒಂದೇ ಕುಂಬಳಕಾಯಿ ಮೂರು ಸಲ ಹರಾಜಾಗುತ್ತಿತ್ತು. ಕೂಗಿ ಕೊಂಡವರು ದುಡ್ಡು ಎಣಿಸಿಕೊಟ್ಟು, ಕಾಯಿಯನ್ನು ಮತ್ತೆ ಮೇಜಿನ ಮೇಲೇ ಇಟ್ಟು, 'ಇನ್ನೊಂದು ಸಲ ಕೂಗಿಬಿಡಿ' ಅನ್ನುತ್ತಿದ್ದರು. ರಾಗಿ ತೆನೆಯ ಕಟ್ಟು, ಎಳನೀರಿನ ಗೊನೆ, ಅಡಿಕೆ, ಕಾಲು ಕಟ್ಟಿದ ನಾಟಿಕೋಳಿ, ಡಬ್ಬಿ ತುಂಬ ಕೋಡುಬಳೆ ಎಲ್ಲವೂ ಹೀಗೇ ಕೈಯಿಂದ ಕೈಗೆ ಹೋಗುತ್ತಿದ್ದವು. ಬಿಸಿಲು ಏರುವುದರೊಳಗೆ ಸಭೆಯ ವರ್ಷದ ಖರ್ಚಿಗೆ ಒಂದಿಷ್ಟು ಹಣ ಕೂಡುತ್ತಿತ್ತು. ಅಜ್ಜಿ ಹರಾಜಿನಲ್ಲಿ ಕೂಗುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಚಿಲ್ಲರೆಯನ್ನು ಕಾಣಿಕೆ ಚೀಲಕ್ಕೆ ಹಾಕಿ, ತಾನು ತಂದ ಅವರೆಕಾಯಿ ಯಾರ ಮನೆಗೆ ಹೋಯಿತು ಎಂದು ಕಣ್ಣಲ್ಲೇ ನೋಡಿಕೊಳ್ಳುತ್ತಿದ್ದಳು.

ದೇವಾಲಯದ ಬೋರ್ಡಿನ ಮೇಲೆ ಸಿ.ಎಸ್.ಐ. ಎಂದು ಬರೆದಿತ್ತು. ಅಜ್ಜಿ ಮಾತ್ರ ಕೊನೆಯವರೆಗೂ 'ನಾವು ವೆಸ್ಲಿ ಮಿಶನ್ನಿನವರು' ಎಂದೇ ಹೇಳಿಕೊಂಡಳು. ಅವಳ ಹಿರಿಯರು ಗುಬ್ಬಿ ಸೀಮೆಯವರು. 'ಗುಬ್ಬಿ ಸಂತೇಲಿ ಕೇಳಿದ ಮಾತು ಕಣಪ್ಪಾ ನಮ್ಮನ್ನ ಇಲ್ಲಿಗೆ ತಂದಿದ್ದು' ಎನ್ನುವುದು ಅವಳಿಗೆ ಗೊತ್ತಿದ್ದ ಮನೆತನದ ಚರಿತ್ರೆಯ ಮೊದಲ ಸಾಲು. ಅದರ ಹಿಂದಿನದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಒಂದು ಸಾಲನ್ನು ಹಿಡಿದುಕೊಂಡು ನಾನು ಬಹಳ ವರ್ಷಗಳಿಂದ ಗುಬ್ಬಿಯ ಮೆಥೋಡಿಸ್ಟ್ ಸಭೆಯ ಕತೆಯನ್ನು ಓದುತ್ತ, ಕೇಳುತ್ತ ಬಂದಿದ್ದೇನೆ. ಓದಿದಷ್ಟೂ ಒಂದು ಸಂಗತಿ ಕಾಡುತ್ತದೆ. ಈ ಸಭೆಯ ಬಗ್ಗೆ ಬರೆದಿಟ್ಟವರೆಲ್ಲ ಬಂದು ಹೋದವರು. ಅದನ್ನು ಉಳಿಸಿಕೊಂಡು ಬಂದವರು ತಮ್ಮ ಬಗ್ಗೆ ಏನನ್ನೂ ಬರೆಯಲಿಲ್ಲ.

ತುಮಕೂರಿನಿಂದ ತಿಪಟೂರಿನ ಕಡೆ ಹೊರಟರೆ ಸುಮಾರು 20 ಕಿಲೋಮೀಟರಿಗೆ ಗುಬ್ಬಿ. ಹೊರಗಿನವರಿಗೆ ಈ ಊರು ನಾಟಕದ ಗುಬ್ಬಿ ವೀರಣ್ಣನವರಿಂದ ಗೊತ್ತು. ಸಾಹಿತ್ಯ ಓದಿದವರಿಗೆ 16ನೇ ಶತಮಾನದ ಕವಿ ಗುಬ್ಬಿಯ ಮಲ್ಲಣಾರ್ಯನಿಂದ ಗೊತ್ತು. ಸುತ್ತಲಿನ ರೈತರಿಗೆ ಚನ್ನಬಸವೇಶ್ವರನ ಜಾತ್ರೆಯಿಂದ ಗೊತ್ತು. ಇವೆಲ್ಲಕ್ಕೂ ಅಡಿಪಾಯದಂತೆ ಇದ್ದದ್ದು ವ್ಯಾಪಾರ. ಹತ್ತಿರದ ಹೊಸಹಳ್ಳಿಯ ಪಾಳೆಯಗಾರರು ಕಟ್ಟಿಸಿದ ಊರು ಇದು ಎನ್ನುತ್ತಾರೆ. ಮಲೆನಾಡಿನ ಅಡಿಕೆ ಪೂರ್ವದ ಪೇಟೆಗಳಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿಯುತ್ತಿತ್ತು, ಬೆಲೆ ಕುದುರಿ ಕೈ ಬದಲಾಗುತ್ತಿತ್ತು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ವಹಿವಾಟನ್ನು ಬಿಡಿಸಿ ಬರೆದಿದ್ದಾನೆ. ಎತ್ತಿನ ಹೇರು, ಜವಳಿ, ಕಂಬಳಿ, ಬೆಲ್ಲ, ಕೊಬ್ಬರಿ. ನಾಲ್ಕು ದಿಕ್ಕಿನ ಕನ್ನಡ ಒಂದೇ ಬಯಲಿನಲ್ಲಿ ಕೇಳಿಸುವ ಜಾಗ ಅದು.

1837ರಲ್ಲಿ ಥಾಮಸ್ ಹಾಡ್ಸನ್ ಎಂಬ ಇಂಗ್ಲಿಷ್ ಮೆಥೋಡಿಸ್ಟ್ ಪಾದ್ರಿ ಬಂದು ನೆಲೆ ಹೂಡಿದ್ದು ಈ ಊರಿನಲ್ಲಿ. ಬೆಂಗಳೂರಿನ ಹಡ್ಸನ್ ವೃತ್ತವನ್ನು ನೋಡಿದವರು ಇವರನ್ನೇ ಅವರೆಂದು ತಿಳಿಯುವುದುಂಟು. ಅವರು ಬೇರೆ. ವೃತ್ತಕ್ಕೂ ಅಲ್ಲಿನ ಕಲ್ಲಿನ ದೇವಾಲಯಕ್ಕೂ ಹೆಸರು ಕೊಟ್ಟ ಜೊಸಾಯ ಹಡ್ಸನ್ ಇವರ ನಂತರದ ಕಾಲದ ಶಿಕ್ಷಣಪ್ರೇಮಿ. ಗುಬ್ಬಿಯ ಹಾಡ್ಸನ್ನರ ಹೆಸರಿನಲ್ಲಿ ಅಂಥ ದೊಡ್ಡ ವೃತ್ತವಿಲ್ಲ. ಕನ್ನಡ ಕಲಿತವರ ಕಪಾಟಿನಲ್ಲಿ ಒಂದು ಹಳೆಯ ವ್ಯಾಕರಣ ಪುಸ್ತಕವಿದೆ. ಅದರ ಮಾತು ಮುಂದೆ ಬರುತ್ತದೆ.

ಗುಬ್ಬಿಯನ್ನೇ ಏಕೆ ಆರಿಸಿಕೊಂಡರು? ಉತ್ತರಕ್ಕೆ ಮೆಥೋಡಿಸ್ಟರ ಮೂಲಕ್ಕೆ ಹೋಗಬೇಕು.

ಜಾನ್ ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರಿನ ಪಾದ್ರಿಯ ಮನೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರ ಜೊತೆ ಸೇರಿ ಪ್ರಾರ್ಥನೆ, ಉಪವಾಸ, ಓದು, ಸೆರೆಮನೆಯ ಕೈದಿಗಳ ಭೇಟಿ ಎಲ್ಲವನ್ನೂ ಗಂಟೆ ಲೆಕ್ಕದಲ್ಲಿ ನಡೆಸುತ್ತಿದ್ದರು. ಸಹಪಾಠಿಗಳು ಗೇಲಿ ಮಾಡಿ ಇಟ್ಟ ಹೆಸರು ಮೆಥೋಡಿಸ್ಟ್, ಅಂದರೆ ಕ್ರಮ ಹಿಡಿದು ನಡೆಯುವವರು. ಗೇಲಿಯ ಹೆಸರೇ ನಿಂತಿತು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ವೆಸ್ಲಿಗೆ ದೇವರ ಕೃಪೆ ತನಗೂ ಸಿಕ್ಕಿದೆ ಎಂಬ ಭರವಸೆ ಮೂಡಿತು. ಮರುವರ್ಷ ಬ್ರಿಸ್ಟಲ್ ಬಳಿಯ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಬೋಧಿಸಿದರು. ಚರ್ಚಿನ ಬಾಗಿಲೊಳಗೆ ಎಂದೂ ಕಾಲಿಡದ ಜನ ಅವರು. ಅಲ್ಲಿಂದ ಮುಂದೆ ಐವತ್ತು ವರ್ಷ ಕುದುರೆಯ ಮೇಲೆ ಸುಮಾರು 4 ಲಕ್ಷ ಕಿಲೋಮೀಟರ್ ತಿರುಗಿ, 40,000ದಷ್ಟು ಬೋಧನೆ ಮಾಡಿದರೆಂದು ಲೆಕ್ಕ. ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ಹೋಗುವುದು ಮೆಥೋಡಿಸ್ಟರ ರಕ್ತಕ್ಕೆ ಬಂದದ್ದು ಹೀಗೆ. ನಮ್ಮ ನಾಡಿನಲ್ಲಿ ಜನ ಸೇರುವ ಜಾಗ ಯಾವುದು ಎಂದು ಕೇಳಿದರೆ ಮಕ್ಕಳೂ ಹೇಳುತ್ತಾರೆ, ಜಾತ್ರೆ ಮತ್ತು ಸಂತೆ.

ಭಾರತಕ್ಕೆ ಈ ಪಂಥ ಬಂದದ್ದು ಸಮುದ್ರದ ಸಾವುನೋವುಗಳನ್ನು ದಾಟಿ. ವೆಸ್ಲಿಯ ಆಪ್ತ ಥಾಮಸ್ ಕೋಕ್ ಮಿಶನರಿಗಳ ತಂಡ ಕಟ್ಟಿಕೊಂಡು ಸಿಂಹಳಕ್ಕೆ ಹೊರಟು 1814ರಲ್ಲಿ ಹಡಗಿನಲ್ಲೇ ತೀರಿಕೊಂಡರು. ಜೊತೆಯಲ್ಲಿದ್ದವರು ದಡ ಸೇರಿದರು. ಅವರಲ್ಲೊಬ್ಬರಾದ ಜೇಮ್ಸ್ ಲಿಂಚ್ 1817ರಲ್ಲಿ ಮದರಾಸಿಗೆ ಬಂದರು. 1821ರಲ್ಲಿ ಎಲೈಜಾ ಹೂಲ್ ಮತ್ತು ಜೇಮ್ಸ್ ಮೊವಾಟ್ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದರು. ಆದರೆ ಆಗಿನ ಬೆಂಗಳೂರಿನ ದಂಡು ಪ್ರದೇಶದಲ್ಲಿ ಅವರಿಗೆ ಕೇಳಿಸಿದ್ದು ಹೆಚ್ಚಾಗಿ ತಮಿಳು ಮತ್ತು ಇಂಗ್ಲಿಷ್. ಕನ್ನಡದ ಕೆಲಸ ಕೈಗೂಡಿದ್ದು 1830ರ ದಶಕದಲ್ಲಿ, ಹಾಡ್ಸನ್ನರ ಕಾಲಕ್ಕೆ. ಮೈಸೂರು ಸಂಸ್ಥಾನದ ಆಡಳಿತ 1831ರಿಂದ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1834ರಿಂದ ಮಾರ್ಕ್ ಕಬ್ಬನ್ ಆ ಹುದ್ದೆಯಲ್ಲಿದ್ದರು. ಕನ್ನಡ ಬೇಕಾದವರು ದಂಡು ಬಿಟ್ಟು ಒಳನಾಡಿಗೆ ಬರಲೇಬೇಕಿತ್ತು. ಬರುವುದಾದರೆ ಸಂತೆಯ ಊರಿಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಸಂತೆಯಲ್ಲಿ ನಿಂತು ಮಾತಾಡುವುದೆಂದರೆ ಏನೆಂದು ಒಮ್ಮೆ ಊಹಿಸಿ ನೋಡಿ. ನಾನು ಸಂತೆಯ ಊರಿನಲ್ಲಿ ಬೆಳೆದವನು. ಸಂತೆಯಲ್ಲಿ ಯಾರೂ ಸುಮ್ಮನೆ ನಿಂತು ಕೇಳುವುದಿಲ್ಲ. ತಲೆಯ ಮೇಲೆ ಕುಕ್ಕೆ ಇರುತ್ತದೆ, ಬಗಲಲ್ಲಿ ಕೂಸು ಇರುತ್ತದೆ, ಕತ್ತಲಾಗುವ ಮೊದಲು ಊರು ಸೇರುವ ಚಿಂತೆ ಇರುತ್ತದೆ. ಅಂಥವರನ್ನು ನಿಲ್ಲಿಸಬೇಕಾದರೆ ಮಾತು ಅವರ ಮನೆಯ ಮಾತೇ ಆಗಿರಬೇಕು. ಪುಸ್ತಕದ ಕನ್ನಡ ಅಲ್ಲಿ ಒಂದು ನಿಮಿಷವೂ ಬಾಳುವುದಿಲ್ಲ. ಎದುರಿಗೆ ನಿಂತವರಲ್ಲಿ ಪುರಾಣ ಕೇಳಿ ಬೆಳೆದ ವರ್ತಕರಿದ್ದರು, ವಚನ ಹೇಳುವ ಜಂಗಮರಿದ್ದರು, ಶಾಸ್ತ್ರ ಬಲ್ಲ ಬ್ರಾಹ್ಮಣರಿದ್ದರು. ಪ್ರಶ್ನೆಗೆ ಮರುಪ್ರಶ್ನೆ ಹಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಗುಬ್ಬಿಯ ಸಂತೆ ಪಾದ್ರಿಗಳಿಗೆ ಪಾಠಶಾಲೆಯಾಯಿತು ಎನ್ನುವುದನ್ನು ಅವರ ಬರಹಗಳೇ ತೋರಿಸುತ್ತವೆ.

ಆ ಶಾಲೆಯ ಅತ್ಯಂತ ಎಳೆಯ ವಿದ್ಯಾರ್ಥಿ ವಿಲಿಯಂ ಆರ್ಥರ್. ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ಕೆಲ್ಸ್ ಎಂಬಲ್ಲಿ 1819ರಲ್ಲಿ ಹುಟ್ಟಿದವರು. 1839ರಲ್ಲಿ ಗುಬ್ಬಿಗೆ ಬಂದಾಗ ಇಪ್ಪತ್ತು ವರ್ಷದ ಹುಡುಗ. ಕನ್ನಡವನ್ನು ಹಟ ಹಿಡಿದು ಕಲಿತರು. ಆದರೆ ಇಲ್ಲಿನ ಬಿಸಿಲನ್ನೂ ಎಡೆಬಿಡದ ಓದನ್ನೂ ಅವರ ಕಣ್ಣು ತಾಳಲಿಲ್ಲ. ಎರಡೇ ವರ್ಷದಲ್ಲಿ, 1841ರಲ್ಲಿ, ವಾಪಸು ಹೋಗಬೇಕಾಯಿತು. 1847ರಲ್ಲಿ ಅವರು ಪ್ರಕಟಿಸಿದ 'ಎ ಮಿಶನ್ ಟು ದಿ ಮೈಸೂರ್' ಎಂಬ ಪುಸ್ತಕದಲ್ಲಿ ಗುಬ್ಬಿಯೇ ನಡುಮನೆ.

ಆ ಪುಸ್ತಕವನ್ನು ಓದುವುದು ನನಗೆ ಸುಲಭವಾಗಿರಲಿಲ್ಲ. ನಮ್ಮ ಜನರ ದೇವರುಗಳ ಬಗ್ಗೆ, ಪೂಜೆಯ ಬಗ್ಗೆ ಆರ್ಥರ್ ಬರೆದದ್ದರಲ್ಲಿ ಕರುಣೆ ಕಡಿಮೆ, ತೀರ್ಪು ಹೆಚ್ಚು. ಎರಡು ವರ್ಷ ಇದ್ದವನು ಎರಡು ಸಾವಿರ ವರ್ಷದ ನಂಬಿಕೆಯನ್ನು ತೂಗಿಬಿಡುತ್ತಾನಲ್ಲ ಎಂದು ನೋವಾಗುತ್ತದೆ. ಅದೇ ಮನುಷ್ಯ ಕನ್ನಡ ಭಾಷೆಯ ಬಗ್ಗೆ ಮಾತಾಡುವಾಗ, ಹಳ್ಳಿಯ ರೈತನ ಬುದ್ಧಿಯ ಬಗ್ಗೆ, ಜಮೀನಿನ ಮೇಲೆ ಅವನಿಗಿರುವ ಹಕ್ಕಿನ ಬಗ್ಗೆ ಬರೆಯುವಾಗ ಬೇರೆಯೇ ಆಗಿಬಿಡುತ್ತಾನೆ. ಅಲ್ಲಿ ಪ್ರೀತಿಯಿದೆ, ಕುತೂಹಲವಿದೆ. ಈ ಎರಡೂ ಒಂದೇ ಎದೆಯಲ್ಲಿ ಇದ್ದವು ಎಂಬುದನ್ನು ಒಪ್ಪಿಕೊಂಡೇ ಆ ಕಾಲದ ಪಾದ್ರಿಗಳನ್ನು ಓದಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಮರೆಮಾಚುವವರ ಜೊತೆ ನನಗೆ ಸಮ್ಮತಿಯಿಲ್ಲ. ಆರ್ಥರ್ ಮುಂದೆ ದೊಡ್ಡವರಾದರು. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು, 1868ರಲ್ಲಿ ಬೆಲ್‌ಫಾಸ್ಟಿನ ಮೆಥೋಡಿಸ್ಟ್ ಕಾಲೇಜಿನ ಮೊದಲ ಪ್ರಾಂಶುಪಾಲರಾದರು, 1901ರಲ್ಲಿ ತೀರಿಕೊಂಡರು. ಗುಬ್ಬಿಗೆ ಅವರು ಕೊಟ್ಟದ್ದು ತಮ್ಮ ಆಯುಸ್ಸಿನ ಎರಡು ವರ್ಷ. ಗುಬ್ಬಿ ಅವರಿಗೆ ಕೊಟ್ಟದ್ದು ಬದುಕಿಡೀ ಹೇಳಿಕೊಳ್ಳುವಷ್ಟು.

ಬಾಯಿಗೆ ಬಂದ ಹೆಸರು

ಹಾಡ್ಸನ್ ಗುಬ್ಬಿಗೆ ಬಂದಾಗ ಕನ್ನಡ ಕಲಿಯಲು ಕೈಗೆ ಸಿಗುತ್ತಿದ್ದ ಅಚ್ಚಿನ ಪುಸ್ತಕಗಳು ಬೆರಳೆಣಿಕೆಯಷ್ಟು. ವಿಲಿಯಂ ಕೇರಿ ದೂರದ ಸೆರಾಂಪುರದಿಂದ 1817ರಲ್ಲಿ ಹೊರತಂದ ವ್ಯಾಕರಣ, ಮದರಾಸಿನಲ್ಲಿ 1820ರಲ್ಲಿ ಬಂದ ಮೆಕೆರೆಲ್ಲರ ವ್ಯಾಕರಣ, ವಿಲಿಯಂ ರೀವರ ನಿಘಂಟುಗಳು, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಪೂರೈಸಿದ ಕನ್ನಡ ಬೈಬಲ್. ಈ ಪುಸ್ತಕಗಳ ಹೆಸರುಗಳಲ್ಲಿ ನಮ್ಮ ನುಡಿ ಒಂದು ಕಡೆ 'ಕುರ್ನಾಟ', ಇನ್ನೊಂದು ಕಡೆ 'ಕಾರ್ನಾಟಕ', ಇನ್ನೂ ಕೆಲವು ಕಡೆ 'ಕೆನರೀಸ್'. ಹಾಡ್ಸನ್ ಗುಬ್ಬಿಗೆ ಬಂದು 22 ವರ್ಷಗಳ ಮೇಲೆ, 1859ರಲ್ಲಿ, ತಮ್ಮ ವ್ಯಾಕರಣವನ್ನು ಬೆಂಗಳೂರಿನ ವೆಸ್ಲಿಯನ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಮೊದಲು ಬಂದ ಹೆಸರು 'ಕನ್ನಡ'. 'ಕೆನರೀಸ್' ಎನ್ನುವುದು ಅದರ ಹಿಂದೆ, 'ಅಥವಾ' ಎಂಬ ಪದದ ಆಚೆ. 1864ರಲ್ಲಿ ಎರಡನೆಯ ಮುದ್ರಣ ಬಂತು. ಜನ ತಮ್ಮ ನುಡಿಯನ್ನು ಏನೆಂದು ಕರೆಯುತ್ತಾರೋ ಅದೇ ಹೆಸರನ್ನು ಬರೆಯುವುದು ಸಣ್ಣ ಕೆಲಸದಂತೆ ಕಾಣಬಹುದು. ಸಂತೆಯಲ್ಲಿ ನಿಂತು ಕೇಳಿಸಿಕೊಂಡವನ ಕೈ ಅದು ಎಂದು ನನಗೆ ಅನ್ನಿಸುತ್ತದೆ.

ಅದೇ ಪ್ರೆಸ್ಸಿನ ಇನ್ನೆರಡು ಕೆಲಸ ಹೇಳದೆ ಮುಂದೆ ಹೋಗಲಾರೆ. ಡೇನಿಯಲ್ ಸ್ಯಾಂಡರ್ಸನ್ ರೀವರ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಹೊರತಂದರು. ಕಿಟೆಲರ ಮಹಾನಿಘಂಟು 1894ರಲ್ಲಿ ಬರುವವರೆಗೆ ಕನ್ನಡ ಕಲಿಯುವವರ ಕೈಯಲ್ಲಿದ್ದದ್ದು ಅದು. ಜಾನ್ ಗ್ಯಾರೆಟ್ 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕದ ಕಾಲಮ್ಮುಗಳಲ್ಲಿ ಬರುವಂತೆ ಅಚ್ಚು ಹಾಕಿಸಿದರು. ಕ್ರೈಸ್ತ ಮಿಶನ್ನಿನ ಅಚ್ಚುಕೂಟದಿಂದ ಗೀತೆ! ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು.

ಮಾತಿನ ವಿಷಯಕ್ಕೆ ಬಂದರೆ ಇನ್ನೂ ಒಂದು ಉಳಿದಿದೆ. ನಮ್ಮ ಸಭೆಗಳಲ್ಲಿ ಇವತ್ತಿಗೂ ಬಳಸುವ ಪದಗಳನ್ನು ಕಿವಿಗೊಟ್ಟು ಕೇಳಿ: ದೇವಾಲಯ, ಸಭೆ, ಆರಾಧನೆ, ಕೃಪೆ, ರಕ್ಷಣೆ, ದೀಕ್ಷಾಸ್ನಾನ. ಕ್ಯಾಥೋಲಿಕರು ಜ್ಞಾನಸ್ನಾನ ಎನ್ನುವುದನ್ನು ನಮ್ಮವರು ದೀಕ್ಷಾಸ್ನಾನ ಎನ್ನುತ್ತಾರೆ. ಚನ್ನಬಸವೇಶ್ವರನ ಊರಿನ ಕಿವಿಗೆ ದೀಕ್ಷೆ ಎಂಬ ಪದ ಹೊಸದಾಗಿರಲಿಲ್ಲ. ಗುರು ಇಷ್ಟಲಿಂಗ ಕೊಟ್ಟು ದೀಕ್ಷೆ ನೀಡುವುದನ್ನು ಮನೆಮನೆಯಲ್ಲಿ ಕಂಡವರು ಅವರು. ಹೊಸ ನಂಬಿಕೆ ಹಳೆಯ ಮಾತಿನ ಮನೆಯೊಳಗೇ ಬಂದು ಕೂತಿತು. ಹಾಡಿನಲ್ಲೂ ಹೀಗೆಯೇ. ಚಾರ್ಲ್ಸ್ ವೆಸ್ಲಿ ಬರೆದ ಆರು ಸಾವಿರಕ್ಕೂ ಮಿಕ್ಕ ಗೀತೆಗಳಲ್ಲಿ ಕೆಲವು ಇಂಗ್ಲಿಷ್ ರಾಗದಲ್ಲೇ ಕನ್ನಡಕ್ಕೆ ಇಳಿದವು. ಪಕ್ಕದಲ್ಲೇ ನಮ್ಮ ರಾಗತಾಳದ ಕೀರ್ತನೆಗಳು ಹುಟ್ಟಿದವು. ಹಾರ್ಮೋನಿಯಂ ಜೊತೆ ಇಂಗ್ಲಿಷ್ ರಾಗ ಹಾಡುವಾಗ ಬಾಯಿ ಬಿಡದ ನಮ್ಮ ಅಜ್ಜಿ ಕೀರ್ತನೆ ಶುರುವಾದರೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

ಇದ್ದವರು

ಮೆಥೋಡಿಸ್ಟರ ವ್ಯವಸ್ಥೆಯೇ ಪಾದ್ರಿಗಳನ್ನು ಒಂದೆಡೆ ನೆಲೆ ನಿಲ್ಲಲು ಬಿಡುವುದಿಲ್ಲ. ಹತ್ತಾರು ಊರುಗಳ ಸಭೆಗಳನ್ನು ಸೇರಿಸಿದ ಸುತ್ತಿಗೆ ಸರ್ಕಿಟ್ ಎಂದು ಹೆಸರು. ಪಾದ್ರಿ ಆ ಸುತ್ತಿನಲ್ಲಿ ತಿರುಗುತ್ತಿರಬೇಕು, ಮೂರು ವರ್ಷದ ಸುಮಾರಿಗೆ ಬೇರೆ ಸರ್ಕಿಟ್ಟಿಗೆ ವರ್ಗವಾಗಬೇಕು. ಸಭೆ ಒಬ್ಬನ ಸ್ವತ್ತಾಗಬಾರದು ಎಂಬ ವೆಸ್ಲಿಯ ಎಚ್ಚರ ಇದರ ಹಿಂದಿದೆ. ಗುಬ್ಬಿಯೂ ಒಂದು ಸರ್ಕಿಟ್ ಆಯಿತು. ಪಾದ್ರಿಗಳು ಬಂದರು, ಹೋದರು. ಕೆಲವರು ಇಲ್ಲಿಯೇ ಮಣ್ಣಾದರು.

ಪಾದ್ರಿ ಊರಲ್ಲಿಲ್ಲದ ಭಾನುವಾರಗಳೇ ಹೆಚ್ಚು. ಆಗ ಸಭೆಯನ್ನು ನಡೆಸಿದವರು ಯಾರು? ಉಪದೇಶಿಗಳು, ಮಿಶನ್ ಸ್ಕೂಲಿನ ಮೇಷ್ಟ್ರುಗಳು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಬೈಬಲ್ ಅಮ್ಮಂದಿರು. ಮೆಥೋಡಿಸ್ಟರಲ್ಲಿ ಕ್ಲಾಸ್ ಎಂಬ ಇನ್ನೊಂದು ಕಟ್ಟುಪಾಡಿದೆ. 1742ರಲ್ಲಿ ಬ್ರಿಸ್ಟಲಿನ ಕೂಟದ ಮನೆಗೆ ಮಾಡಿದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತಬೇಕೆಂದು ಗೊತ್ತು ಮಾಡಿದರು. ಬಡವರು ಕೊಡಲಾಗದಿದ್ದರೆ ಗುಂಪಿನ ಮುಖಂಡ ತುಂಬಿಕೊಡಬೇಕು. ಪೆನ್ನಿಗಾಗಿ ಮನೆ ಮನೆ ತಿರುಗಿದ ಮುಖಂಡರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ಗೊತ್ತಾಗತೊಡಗಿತು. ಸಾಲದ ವಸೂಲಿ ಹೀಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಪದ್ಧತಿಯಾಯಿತು. ವೆಸ್ಲಿಯ ಅತಿ ದೊಡ್ಡ ಕೊಡುಗೆ ಯಾವುದೆಂದು ಕೇಳಿದರೆ ನಾನು ಅವರ ಬೋಧನೆಗಳನ್ನು ಬಿಟ್ಟು ಇದನ್ನೇ ಹೇಳುತ್ತೇನೆ. ಒಂದು ಹಳ್ಳಿಯಲ್ಲಿ ನಾಲ್ಕೇ ಮನೆ ಕ್ರೈಸ್ತರಿದ್ದಾಗ, ಊರಿನ ಬಾವಿಯ ಹತ್ತಿರ ಹೋಗಲಾಗದಿದ್ದಾಗ, ಹೆಣ ಎತ್ತಲು ನೆಂಟರು ಬರದಿದ್ದಾಗ ಆ ನಾಲ್ಕು ಮನೆ ಒಂದು ಮನೆಯಾಗಿ ಬದುಕಿದ್ದು ಈ ಪದ್ಧತಿಯ ಬಲದಿಂದ.

ಸೇರಿದವರು ತೆತ್ತ ಬೆಲೆ ಸಣ್ಣದಲ್ಲ. ಮತ ಬದಲಿಸಿದವರ ಆಸ್ತಿಯ ಹಕ್ಕು ಹೋಗಬಾರದೆಂದು ಬ್ರಿಟಿಷ್ ಇಂಡಿಯಾದಲ್ಲಿ 1850ರಲ್ಲೇ ಕಾಯಿದೆ ಬಂದಿತ್ತು. ಮೈಸೂರು ಸಂಸ್ಥಾನದವರಿಗೆ ಆ ರಕ್ಷಣೆ ಬಹುಕಾಲ ದಕ್ಕಲಿಲ್ಲ. ಪಾಲು ಹೋಯಿತು, ಮದುವೆಯ ಸಂಬಂಧ ಹೋಯಿತು. ಆಸ್ತಿಯೇ ಇಲ್ಲದ, ಊರಾಚೆ ಕೇರಿಯ ಕೂಲಿಗಳಿಗೆ ಕಳೆದುಕೊಳ್ಳುವುದು ಕಡಿಮೆ ಇತ್ತು ಎಂದು ಹೇಳುವವರುಂಟು. ನಮ್ಮಜ್ಜಿ ಇದನ್ನು ಒಪ್ಪುತ್ತಿರಲಿಲ್ಲ. ಕೇರಿಯ ಹಬ್ಬ, ಕೇರಿಯ ದೇವಿ, ತಮಟೆಯ ಸದ್ದಿಗೆ ಕುಣಿಯುವ ಸಂಜೆ ಇವನ್ನೆಲ್ಲ ಬಿಟ್ಟು ಬಂದ ತನ್ನ ತಾತನ ತಾಯಿ ಸಾಯುವತನಕ ಅತ್ತಳಂತೆ. ಈ ಮಾತು ಯಾವ ಮಿಶನ್ ವರದಿಯಲ್ಲೂ ಸಿಗುವುದಿಲ್ಲ.

ಹಾಡ್ಸನ್ನರು ಮುಪ್ಪಿನಲ್ಲಿ ಬರೆದ ಒಂದು ಸಣ್ಣ ಪುಸ್ತಕ ನನಗೆ ಇದೇ ಕಾರಣಕ್ಕೆ ಇಷ್ಟ. 1877ರಲ್ಲಿ ಲಂಡನ್ನಿನಲ್ಲಿ ಬಂದ 'ಓಲ್ಡ್ ಡೇನಿಯಲ್'. ಗುಬ್ಬಿ ಸರ್ಕಿಟ್ಟಿನ ಹಳ್ಳಿಗನೊಬ್ಬ ಕ್ರೈಸ್ತನಾಗಿ ಡೇನಿಯಲ್ ಎಂಬ ಹೆಸರು ಪಡೆದು ಬಾಳಿದ ಕತೆ ಅದು. ಜೊತೆಗೆ ಅಲ್ಲಿನ ಮಿಶನ್ ಕೆಲಸದ ವಿವರ, ಹಳ್ಳಿಯ ಬದುಕಿನ ಚಿತ್ರ. ದೊರೆಗಳು ತಮ್ಮ ಸಾಹಸ ಹೇಳಿಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ಮುದುಕನೊಬ್ಬನ ಹೆಸರು ಲಂಡನ್ನಿನ ಪುಸ್ತಕದ ಬೆನ್ನಿನ ಮೇಲೆ ಅಚ್ಚಾಯಿತು. ಆ ಮುದುಕ ತಾನೇ ಮಾತಾಡಿದ್ದರೆ ಏನು ಹೇಳುತ್ತಿದ್ದ ಎಂದು ಕೇಳುವ ಆಸೆ ಮಾತ್ರ ತೀರುವುದಿಲ್ಲ.

ಆ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗುವಾಗ ಇಲ್ಲಿ ಧಾತು ಈಶ್ವರ ಬರ ನಡೆಯುತ್ತಿತ್ತು. 1876ರಿಂದ 78ರವರೆಗೆ ಮಳೆ ಕೈಕೊಟ್ಟು ಜನ ದಾರಿಯುದ್ದಕ್ಕೂ ಸತ್ತರು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮೇಲಿತ್ತು. 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ತುಸು ಕಡಿಮೆ. ತಾಯಿತಂದೆ ಸತ್ತ ಮಕ್ಕಳನ್ನು ವೆಸ್ಲಿಯನ್ ಮಿಶನ್ ಎತ್ತಿಕೊಂಡಿತು. ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ. ಇವತ್ತಿಗೂ ಈ ಭಾಗದ ಹಳೆಯ ಸಭೆಗಳಲ್ಲಿ ಮನೆತನದ ಕತೆ ಬರದಲ್ಲಿ ಸಿಕ್ಕ ಒಂದು ಮಗುವಿನಿಂದ ಶುರುವಾಗುವ ಕುಟುಂಬಗಳಿವೆ. ಅವರಿಗೆ ಊರಿಲ್ಲ, ಕುಲವಿಲ್ಲ, ಬೆಡಗಿಲ್ಲ. ಸಭೆಯೇ ತವರು. ಹಸಿದ ಮಕ್ಕಳನ್ನು ತಮ್ಮ ಮತಕ್ಕೆ ಸೇರಿಸಿಕೊಂಡರೆಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಆ ಮಕ್ಕಳ ಮೊಮ್ಮಕ್ಕಳ ಎದುರು ಕೂತು ಮಾತಾಡಿದ ಮೇಲೆ ನನಗೆ ಆ ವಾದದಲ್ಲಿ ಉತ್ಸಾಹ ಉಳಿದಿಲ್ಲ.

ಗುಬ್ಬಿ ಬದಲಾಗತೊಡಗಿದ್ದು 1880ರ ದಶಕದಲ್ಲಿ. ರೈಲು ಬಂತು. ಎತ್ತಿನ ಹೇರಿನ ವ್ಯಾಪಾರ ಕುಗ್ಗತೊಡಗಿತು. 1884ರಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಕಂಪನಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಚಂದಣ್ಣನವರ ಜೊತೆ ಸುಲೇಮಾನ್ ಸಾಹೇಬರೂ ಇದ್ದರು ಎಂಬುದನ್ನು ಈ ಊರಿನವರು ಹೆಮ್ಮೆಯಿಂದ ನೆನೆಯುತ್ತಾರೆ. ಅತ್ತ ಮಿಶನ್ನಿನ ತೂಕ ಸಣ್ಣ ಊರುಗಳಿಂದ ಪಟ್ಟಣಗಳಿಗೆ ಜರುಗಿತು. ಮೈಸೂರಿನಲ್ಲಿ ಹೆನ್ರಿ ಹೇಗ್ 1887ರಲ್ಲಿ 'ವೃತ್ತಾಂತ ಪತ್ರಿಕೆ' ಎಂಬ ಕನ್ನಡ ವಾರಪತ್ರಿಕೆ ಆರಂಭಿಸಿದರು. 1906ರಲ್ಲಿ ಅಲ್ಲಿಯೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. ಮೈಸೂರಿನ ಹಳಬರಿಗೆ ಅದು ಮಿಶನ್ ಆಸ್ಪತ್ರೆ. ಗುಬ್ಬಿಗೆ ಉಳಿದದ್ದು ಸಣ್ಣ ಸಭೆ, ಸುತ್ತಿನ ಹಳ್ಳಿಗಳ ನಡಿಗೆ.

ಹೆಸರು ಹೋದ ದಿನ

ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮತ್ತು ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಥಗಳು ಕೂಡಿದ್ದ ದಕ್ಷಿಣ ಭಾರತ ಐಕ್ಯಸಭೆ, ಈ ಮೂರೂ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಆಯಿತು. ಬಿಷಪ್ ಪರಂಪರೆಯ ಚರ್ಚುಗಳೂ ಅಂಥ ಬಿಷಪ್ಪರಿಲ್ಲದ ಚರ್ಚುಗಳೂ ಹೀಗೆ ಕೂಡಿದ್ದು ಜಗತ್ತಿನಲ್ಲೇ ಹೊಸದು. ಅಂದು ಅಭಿಷಿಕ್ತರಾದ ಹೊಸ ಬಿಷಪ್ಪರಲ್ಲಿ ಒಬ್ಬರು ಪಿ. ಗುರುಶಾಂತ, ಮೈಸೂರು ಡಯಾಸಿಸ್ಸಿನ ಮೊದಲ ಬಿಷಪ್. ವೆಸ್ಲಿಯನ್ ಮಿಶನ್ನಿನ ಸಭೆಯಲ್ಲಿ ಪಾದ್ರಿಯಾಗಿದ್ದವರು. ಗುರುಶಾಂತ ಎಂಬ ಹೆಸರು ಹೊತ್ತು, ಕನ್ನಡ ಮಾತಾಡುವ ಬಿಷಪ್. ದಂಡಿನಿಂದ ಒಳನಾಡಿಗೆ ಹೊರಟವರ ದಾರಿ 110 ವರ್ಷಗಳಲ್ಲಿ ಇಲ್ಲಿಗೆ ಬಂದು ಮುಟ್ಟಿತ್ತು. ಅವರ ನಂತರ 1951ರಲ್ಲಿ ಬಿಷಪ್ ಆದ ನಾರ್ಮನ್ ಸಾರ್ಜೆಂಟ್ ಕೂಡ ಮೆಥೋಡಿಸ್ಟ್ ಮೂಲದವರು. ಲಿಂಗಾಯತರ ಧರ್ಮವನ್ನು ಕುರಿತು ಅವರು ಒಂದು ಪುಸ್ತಕ ಬರೆದರು. ಆರ್ಥರ್ ಪುಸ್ತಕದ ಪಕ್ಕ ಅದನ್ನಿಟ್ಟು ನೋಡಿದರೆ ನೂರು ವರ್ಷಗಳಲ್ಲಿ ತೀರ್ಪು ಹೇಳುವ ದನಿ ಎಷ್ಟು ಇಳಿದಿದೆ, ಅರಿಯುವ ಆಸೆ ಎಷ್ಟು ಏರಿದೆ ಎಂಬುದು ತಿಳಿಯುತ್ತದೆ. 1970ರಲ್ಲಿ ಮೈಸೂರು ಡಯಾಸಿಸ್ ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾದಾಗ ಗುಬ್ಬಿ, ತುಮಕೂರಿನ ಕಡೆಯ ಸಭೆಗಳು ಮಧ್ಯಕ್ಕೆ ಬಂದವು. ಕರ್ನಾಟಕದಲ್ಲಿ ಈಗಲೂ ಮೆಥೋಡಿಸ್ಟ್ ಎಂಬ ಬೋರ್ಡು ಇರುವ ಕೋಲಾರ, ಬೀದರ್ ಮೊದಲಾದ ಕಡೆಯ ಚರ್ಚುಗಳು ಅಮೆರಿಕದ ಮೆಥೋಡಿಸ್ಟರಿಂದ ಬಂದವು. ಅದು ಬೇರೆಯೇ ಹೊಳೆ.

1950ರಲ್ಲಿ ಬಂದ ಇನ್ನೊಂದು ಕಾಗದವೂ ಈ ಸಭೆಗಳ ಚರಿತ್ರೆಗೆ ಸೇರಿದ್ದು. ಪರಿಶಿಷ್ಟ ಜಾತಿಗಳ ಕುರಿತ ರಾಷ್ಟ್ರಪತಿಗಳ ಆದೇಶ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. ಮುಂದೆ ಸಿಖ್ಖರಿಗೂ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಒಂದೇ ಕೇರಿಯ, ಒಂದೇ ಗೋಡೆಯ ಆಚೀಚಿನ ಎರಡು ಮನೆಗಳ ಮಕ್ಕಳಿಗೆ ಎರಡು ಬಗೆಯ ಸರ್ಟಿಫಿಕೇಟ್. ಬಾವಿಯ ಹತ್ತಿರ ನಿಂತಾಗ ಊರು ಆ ವ್ಯತ್ಯಾಸ ಮಾಡುತ್ತಿರಲಿಲ್ಲ.

ಮೆಥೋಡಿಸ್ಟ್ ಹೆಸರು ಹೋದರೂ ಪದ್ಧತಿಗಳು ಹೋಗಲಿಲ್ಲ. ಡಿಸೆಂಬರ್ 31ರ ನಡುರಾತ್ರಿ ನಮ್ಮ ಕಡೆಯ ದೇವಾಲಯಗಳು ತುಂಬುತ್ತವಲ್ಲ, ಆ ವಾಚ್‌ನೈಟ್ ಆರಾಧನೆ ವೆಸ್ಲಿಯ ಸಭೆಗಳಿಂದ ಬಂದದ್ದು. ಹೊಸ ವರ್ಷದ ಒಡಂಬಡಿಕೆಯ ಆರಾಧನೆಯನ್ನು ವೆಸ್ಲಿ 1755ರಲ್ಲಿ ಆರಂಭಿಸಿದರು. ಸಿ.ಎಸ್.ಐ. ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡಿತು. ನಮ್ಮೂರಿನಲ್ಲಿ ವಾಚ್‌ನೈಟ್ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಬಿಸಿ ಕಾಫಿ ಕೊಡುತ್ತಿದ್ದರು. ಮಂಜಿನಲ್ಲಿ ಕಂಬಳಿ ಹೊದ್ದು ನಿಂತ ಮುದುಕರು ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಈ ಮಿಶನ್ನಿನ ಕಾಗದಪತ್ರಗಳ ದೊಡ್ಡ ಪಾಲು ಇರುವುದು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಒಂದಷ್ಟಿವೆ. ಅವು ಹೋದವರು ಬರೆದವು. ಇದ್ದವರ ಕಾಗದ ಒಂದೇ, ಸಭೆಯ ರಿಜಿಸ್ಟರ್. ದೀಕ್ಷಾಸ್ನಾನದ್ದು, ಮದುವೆಯದ್ದು, ಸಮಾಧಿಯದ್ದು. ಸಣ್ಣ ಊರುಗಳಲ್ಲಿ ಇವು ಬೀರುವಿನ ತಳದಲ್ಲಿ, ಹಳೆಯ ಕೀರ್ತನೆ ಪುಸ್ತಕಗಳ ಅಡಿಯಲ್ಲಿ ಗೆದ್ದಲಿಗೆ ಕಾಯುತ್ತಿವೆ. ಒಂದೊಂದು ಸಭೆಯೂ ಈ ರಿಜಿಸ್ಟರುಗಳನ್ನು ಫೋಟೋ ತೆಗೆಸಿ ಇಡಬೇಕು. ಒಬ್ಬ ಹುಡುಗ, ಒಂದು ಮೊಬೈಲು, ಎರಡು ಭಾನುವಾರ ಸಾಕು. ಇದನ್ನು ನಾನು ಸಿಕ್ಕ ಸಿಕ್ಕ ಸಭಾಪಾಲಕರಿಗೆಲ್ಲ ಹೇಳುತ್ತ ಬಂದಿದ್ದೇನೆ.

ನಮ್ಮೂರಿನ ರಿಜಿಸ್ಟರನ್ನು ಅಲ್ಲಿನ ಅಯ್ಯನವರು ಒಂದು ಮಧ್ಯಾಹ್ನ ನನ್ನ ಮುಂದಿಟ್ಟರು. ರಟ್ಟು ಕಿತ್ತಿತ್ತು, ಪುಟಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಅಜ್ಜಿಯ ದೀಕ್ಷಾಸ್ನಾನದ ಸಾಲು ಸಿಕ್ಕಿತು. ತಂದೆಯ ಕಸುಬು ಎಂಬ ಕಾಲಮ್ಮಿನಲ್ಲಿ 'ಕೂಲಿ'. ಸಾಕ್ಷಿಗಳ ಜಾಗದಲ್ಲಿ ಎರಡು ಹೆಬ್ಬೆಟ್ಟು. ಇಪ್ಪತ್ತಮೂರು ವರ್ಷ ಮುಂದಕ್ಕೆ ಪುಟ ತಿರುಗಿಸಿದರೆ ನನ್ನ ತಾಯಿಯ ಸಾಲು. ಅಲ್ಲಿ ಕಸುಬಿನ ಕಾಲಮ್ಮಿನಲ್ಲಿ 'ಮೇಷ್ಟ್ರು'. ಸಾಕ್ಷಿಗಳ ಜಾಗದಲ್ಲಿ ಅಜ್ಜಿಯ ರುಜು, ಒತ್ತಿ ಒತ್ತಿ ಬರೆದ ದಪ್ಪ ಕನ್ನಡ ಅಕ್ಷರ, ಕೊನೆಯ ಅಕ್ಷರದ ಒತ್ತು ಕೆಳಗಿನ ಗೆರೆಯನ್ನು ದಾಟಿ ಮುಂದಿನವರ ಸಾಲಿನೊಳಕ್ಕೆ ಇಳಿದಿದೆ.